ಗೇಟಕ್ಕನ ಮೂವತ್ತೊಂದನೆಯ ಲಾರಿ

ಓಯ್, ರಸ್ತೆಯ ಆ ಬದಿಯವರೇ, ಮೆಟ್ಟಿಲ ಮೇಲೆ ಕೂತು ಸುಮ್ಮನೆ ಕಾಲು ಅಲ್ಲಾಡಿಸುತ್ತಿರುವವರೇ, ಸ್ವಲ್ಪ ಈ ಕಡೆ ಕಿವಿ ಕೊಡಿ. ಇದು ಗೇಟಕ್ಕನ ಕಥೆ. ಬೆಟ್ಟದ ಬುಡದಲ್ಲಿ ಸೈನ್ಯದ ರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿಣದ ಕಂಬ ಇದೆಯಲ್ಲ, ಹತ್ತೊಂಬತ್ತು ವರ್ಷದಿಂದ ಅದನ್ನು ಎತ್ತಿ ಇಳಿಸುವವಳು. ಚಾಲಕರು, ಸಿಪಾಯಿಗಳು, ಸಾಹೇಬರುಗಳು, ಎಲ್ಲರಿಗೂ ಅವಳು ಗೇಟಕ್ಕನೇ. ಡಿಪೋದಲ್ಲಿ ದರ್ಜಿಯಾಗಿರುವ ಅವಳ ಗಂಡ ಕೂಡ ಒಮ್ಮೆ ಬಾಯಿತಪ್ಪಿ ಹಾಗೆ ಕರೆದು, ಎರಡು ದಿನ ತಾನೇ ಬಡಿಸಿಕೊಂಡು ಉಂಡಿದ್ದ.

ಆ ರಸ್ತೆಯಲ್ಲಿ ಇಪ್ಪತ್ತೆರಡು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಗಲ ಒಂದು ಲಾರಿಯಷ್ಟೇ. ಹಾಗಾಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹತ್ತುವವರ ಸರದಿ, ಆಮೇಲೆ ಇಳಿಯುವವರ ಸರದಿ. ಹತ್ತಿದ್ದೆಲ್ಲ ಮೇಲೆ ತಲುಪಿದೆ ಎಂದು ಖಾತ್ರಿಯಾಗದೆ ಮೇಲಿನಿಂದ ಸೈಕಲ್ಲನ್ನೂ ಬಿಡುವಂತಿಲ್ಲ. ಖಾತ್ರಿ ಮಾಡುವುದು ಎರಡು ಗೇಟುಗಳ ಕೆಲಸ. ಕೆಳಗೆ ಗೇಟಕ್ಕ ಎಣಿಸುತ್ತಾಳೆ, ಮೇಲೆ ಇನ್ನೊಬ್ಬ ಎಣಿಸುತ್ತಾನೆ. ಅವನಿಗೆ ಇವಳು ಇಟ್ಟ ಹೆಸರು ಮೇಲಿನಣ್ಣ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡಿಲ್ಲ. ಇವಳ ನೆಗಡಿ ಅವನಿಗೆ ಗೊತ್ತು, ಅವನ ಮಗಳ ಬಾಣಂತನ ಇವಳಿಗೆ ಗೊತ್ತು, ಎಲ್ಲ ಫೋನಿನಲ್ಲೇ.

ಎಣಿಕೆಗೆ ಒಂದು ಕಟ್ಟಳೆ ಇತ್ತು. ಸಂಖ್ಯೆಯನ್ನು ಮೊದಲು ಮೇಲಿನವನು ಹೇಳಬೇಕು. ಕೆಳಗಿನವಳು ಮೊದಲೇ ಹೇಳಿಬಿಟ್ಟರೆ ಮೇಲಿನವನು ಅದನ್ನೇ ಒಪ್ಪಿಸಿಬಿಟ್ಟಾನು ಎಂಬ ಅನುಮಾನಕ್ಕೆ ಯಾರೋ ಹಳಬರು ಮಾಡಿಟ್ಟದ್ದು.

ಗೇಟಕ್ಕ ಎಣಿಸುತ್ತಿದ್ದದ್ದು ಗುಂಡಿಗಳಲ್ಲಿ. ಗಂಡ ಹಳೆಯ ಕೋಟುಗಳಿಂದ ಕಿತ್ತ ಹಿತ್ತಾಳೆ ಗುಂಡಿಗಳು ಒಂದು ಡಬ್ಬಿಯಲ್ಲಿ, ಪಕ್ಕದಲ್ಲಿ ಖಾಲಿ ಡಬ್ಬಿ ಇನ್ನೊಂದು. ಒಂದು ಬಂಡಿ ಕಂಬ ದಾಟಿದರೆ ಒಂದು ಗುಂಡಿ ಈ ಡಬ್ಬಿಯಿಂದ ಆ ಡಬ್ಬಿಗೆ. ಚಾಲಕ ತಮಾಷೆ ಮಾಡಿದರೂ, ಕೀಟಲೆಗೆ ಎರಡು ಸಲ ಹಾರ್ನ್ ಹೊಡೆದರೂ ಕೈ ತಪ್ಪುತ್ತಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ ಮೇಲಿನ ಎಣಿಕೆ ಒಂದು ಕಮ್ಮಿ ಬಂದಿತ್ತು. ಆಗಿನ ಸಾಹೇಬರು, ಹೊಸಬಳು, ಎಣಿಸೋಕೆ ಬರಲ್ಲ ಎಂದು ಸಂಖ್ಯೆ ತಿದ್ದಿಸಿದರು. ಒಂಬತ್ತನೆಯ ತಿರುವಿನ ಕೆಳಗೆ ಉರುಳಿದ್ದ ಲಾರಿ ಮರುದಿನ ಬೆಳಗ್ಗೆ ಸಿಕ್ಕಿತು. ಚಾಲಕ ಬದುಕಿದ್ದ. ಅವನ ಎರಡು ಕಾಲ್ಬೆರಳು ಬದುಕಿರಲಿಲ್ಲ. ಅಂದಿನಿಂದ ಅವಳು ಯಾರ ಮಾತಿಗೂ ಸಂಖ್ಯೆ ತಿದ್ದಿದವಳಲ್ಲ.

ಈಗ ಹೇಳುತ್ತಿರುವುದು ಹೋದ ಚಳಿಗಾಲದ ಒಂದು ದಿನದ ಮಾತು. ಹಿಮ ಬಿದ್ದು ರಸ್ತೆ ಮುಚ್ಚುವ ಮೊದಲು ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ಹಿಟ್ಟು, ಕಂಬಳಿ, ಎರಡು ತೋಪು ಎಲ್ಲ ಒಂದೇ ಸಾಲಿನಲ್ಲಿ ಹೊರಟಿತ್ತು. ದಾರಿಯಲ್ಲಿ ಕೆಟ್ಟು ನಿಂತವನ್ನು ಎಳೆಯಲು ಕೊನೆಯಲ್ಲಿ ಕ್ರೇನ್ ಲಾರಿ. ಮಂಜು ಎಷ್ಟಿತ್ತೆಂದರೆ ಗೇಟಕ್ಕ ಲಾರಿಗಳನ್ನು ನೋಡಿ ಅಲ್ಲ, ಮುಟ್ಟಿ ಕಳಿಸಿದಳು.

ಮೂರು ಗಂಟೆ ದಾಟಿದ ಮೇಲೆ ಫೋನ್ ಬಂತು.

"ಮೂವತ್ತು," ಅಂದ ಮೇಲಿನಣ್ಣ.

ಗೇಟಕ್ಕ ಡಬ್ಬಿ ಬಗ್ಗಿಸಿ ಗುಂಡಿಗಳನ್ನು ಮೇಜಿನ ಮೇಲೆ ಹತ್ತು ಹತ್ತಾಗಿ ಜೋಡಿಸಿದಳು. ಮೂರು ಸಾಲು, ಮೇಲೊಂದು.

"ನಂದು ಮೂವತ್ತೊಂದು ಅಣ್ಣ."

"ಇನ್ನೊಂದ್ಸಲ ಎಣಿಸು ತಾಯಿ. ಒಂದು ಗುಂಡಿ ಮರಿ ಮಾಡಿರುತ್ತೆ."

"ಹಿತ್ತಾಳೆ ಗುಂಡಿ ಅಣ್ಣ, ಕೋಳಿಯಲ್ಲ. ನೀವು ನೋಡ್ಕೊಳ್ಳಿ, ಮಧ್ಯದಲ್ಲಿ ಕಣ್ಣು ಮುಚ್ಚಿದ್ರೇನೋ."

"ನಾನಾ? ನಿಂತ್ಕೊಂಡೇ ಎಣಿಸಿದೀನಿ. ಕೂತಿದ್ರೆ ತಾನೇ ನಿದ್ದೆ ಬರೋದು?"

ಸಾಲು ಆಗಲೇ ಗುಡ್ಡದ ಆಚೆಗೆ ಇಳಿದಿತ್ತು. ಅಲ್ಲಿ ವೈರ್‌ಲೆಸ್ ಹಿಡಿಯುವುದಿಲ್ಲ. ಮುಂದಿನ ಠಾಣೆ ಮುಟ್ಟಿ ಅವರೇ ಮಾತಾಡಬೇಕಾದರೆ ಇನ್ನೆರಡು ತಾಸು.

ಹತ್ತು ನಿಮಿಷಕ್ಕೆ ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಮೇಲಿನಣ್ಣನ ದನಿಯಲ್ಲಿ ತಮಾಷೆ ಇರಲಿಲ್ಲ.

"ಇಲ್ಲಿ ಆಂಬುಲೆನ್ಸ್ ಬಂದು ನಿಂತಿದೆ ತಂಗಿ. ನಮ್ಮ ಗೇಟಿನ ಹತ್ತಿರದ ಠಾಣೆಯ ಅಡುಗೆಯವನು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿದೆಯಂತೆ. ಸಂಜೆ ಆರರೊಳಗೆ ಆಪರೇಷನ್ ಆಗ್ಬೇಕು ಅಂತಿದಾರೆ ಡಾಕ್ಟ್ರು."

ಇಳಿಯಲು ಒಂದೂವರೆ ತಾಸು, ಅಲ್ಲಿಂದ ಆಸ್ಪತ್ರೆಗೆ ಅರ್ಧ. ನಾಲ್ಕಕ್ಕಾದರೂ ಹೊರಡಲೇಬೇಕು. ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಗುತ್ತಾ ಬಂದಿತ್ತು.

ಅಷ್ಟರಲ್ಲಿ ಡಿಪೋದಿಂದ ಮೀಸೆ ಸಾಹೇಬರು ಜೀಪಿನಲ್ಲಿ ಬಂದರು. ಕೆಳಗಿನ ಸಾಗಣೆಯೆಲ್ಲ ಅವರ ಕೈಯಲ್ಲಿ. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯ. ಮೇಜಿನ ಮೇಲಿನ ಗುಂಡಿಗಳನ್ನು ನೋಡಿ, ನಿಂತಲ್ಲೇ ಹೇಳಿದರು.

"ಒಂದು ಗುಂಡಿ ತೆಗೆದು ಜೇಬಿಗೆ ಹಾಕ್ಕೊಳಮ್ಮ. ಮೂವತ್ತಾಯ್ತು. ಗೇಟು ಬಿಡು."

"ಗುಂಡಿ ಜೇಬಿಗೆ ಹಾಕ್ಕೋಬೋದು ಸಾಹೇಬ್ರೆ. ಲಾರಿ ಹಾಕ್ಕೊಳಕ್ಕಾಗಲ್ಲ."

"ಅಲ್ಲೊಬ್ಬ ಸಾಯ್ತಿದಾನೆ."

"ಇಲ್ಲೊಬ್ಬ ರಸ್ತೇಲಿ ನಿಂತಿದ್ರೆ? ಮಂಜಲ್ಲಿ ಆಂಬುಲೆನ್ಸ್ ಹೋಗಿ ಅವನಿಗೇ ಗುದ್ದಿದ್ರೆ ಆಗ ಎಷ್ಟು ಜನ ಅಂತ ಎಣಿಸೋದು?"

ಸಾಹೇಬರು ಮೀಸೆ ತಿರುವುತ್ತಾ ಮೋಟಾರ್‌ಸೈಕಲ್ ಸವಾರನನ್ನು ಕರೆದು, ರಸ್ತೆ ನೋಡಿಕೊಂಡು ಬಾ ಎಂದರು. ಅವನು ಹತ್ತಿ ಮುಗಿಸಲು ತಾಸು ಬೇಕು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಗೇಟಕ್ಕ ಕಣ್ಣು ಮುಚ್ಚಿ ಬೆಳಗಿನ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ದಾಟಿಸಿದಳು. ಸೀಮೆಎಣ್ಣೆಯವು ಬೇರೆ, ಹಿಟ್ಟಿನವು ಬೇರೆ, ವಾಸನೆ ಹತ್ತಬಾರದು. ಆಮೇಲೆ ಕಂಬಳಿ. ಆಮೇಲೆ ತೋಪು ಎಳೆಯುವವು ಎರಡು. ಕೊನೆಗೆ ಕ್ರೇನು. ಎಲ್ಲವನ್ನೂ ಮುಟ್ಟಿದ್ದಳು. ಮೂವತ್ತೊಂದೇ. ಹಾಗಾದರೆ ಮೇಲಿನಣ್ಣ ತಪ್ಪಿದನೇ? ಅವನೂ ಅಂಥವನಲ್ಲ. ಇಬ್ಬರೂ ಸರಿ ಎಣಿಸಿ ಸಂಖ್ಯೆ ಬೇರೆ ಬರುವುದು ಹೇಗೆ ಎಂದು ಯೋಚಿಸಿದವಳು ಫೋನ್ ಎತ್ತಿದಳು.

"ಅಣ್ಣ, ಸಿಟ್ಟು ಮಾಡ್ಕೋಬೇಡಿ. ಹಿಂದೆ ಕೊಕ್ಕೆಗೆ ಏನಾದ್ರೂ ಸಿಗಿಸ್ಕೊಂಡು ಹೋದವು ಎಷ್ಟು?"

"ಮೂರು. ತೋಪಿನವು ಮೂರು."

"ತೋಪಿನವನ್ನ ಹೇಗೆ ಎಣಿಸ್ತೀರ?"

"ಇದೇನು ಹೊಸದಾಗಿ ಕೇಳ್ತೀಯ? ಕೊಕ್ಕೆ ಹಾಕಿದ್ದು ಒಂದೇ ಲೆಕ್ಕ. ಎಳೆಯೋದು, ಎಳೆಸ್ಕೊಳ್ಳೋದು ಸೇರಿ ಒಂದು. ಹತ್ತೊಂಬತ್ತು ವರ್ಷದಿಂದ ಹಾಗೇ ತಾನೆ."

"ನಾನು ಎರಡೇ ತೋಪು ಬಿಟ್ಟಿದ್ದು ಅಣ್ಣ."

ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು.

"ಮೂರನೇದು ಕ್ರೇನಿನ ಹಿಂದಿತ್ತಾ?" ಎಂದು ಗೇಟಕ್ಕ ಕೇಳಿದಳು.

"ಹೂಂ. ಕೊನೇದು. ಉದ್ದಕ್ಕೆ ಟಾರ್ಪಾಲು ಹೊದ್ದಿತ್ತು. ಮಂಜಲ್ಲಿ ಅಷ್ಟೇ ಕಂಡಿದ್ದು. ಆಮೇಲೆ ಅದರ ಹಿಂದಿನ ಕೆಂಪು ದೀಪ."

"ತೋಪಿಗೆ ಯಾವಾಗಿಂದ ಅಣ್ಣ ದೀಪ? ಎರಡಕ್ಕೂ ನಾನೇ ಹಿಂದೆ ಕೆಂಪು ಬಟ್ಟೆ ಕಟ್ಟಿ ಕಳಿಸಿದೀನಿ."

ಆಗ ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಯಾವುದೋ ಲಾರಿ ತಿರುವಿನಲ್ಲಿ ಕೆಟ್ಟಿತ್ತು, ಕ್ರೇನು ಅದರ ಮೂತಿ ಎತ್ತಿ ಕೊಕ್ಕೆಗೆ ಹಾಕಿಕೊಂಡು ಹೋಗಿತ್ತು. ಕೆಳಗೆ ಎರಡಾಗಿ ಹೊರಟದ್ದು ಮೇಲೆ ಒಂದಾಗಿ ತಲುಪಿತ್ತು. ಬೇರೆ ಯಾರನ್ನು ನಿಲ್ಲಿಸಿದ್ದರೂ ಲಾರಿಯನ್ನು ಲಾರಿ ಎಂದೇ ಎಣಿಸುತ್ತಿದ್ದರು. ಇಷ್ಟು ವರ್ಷ ತೋಪುಗಳನ್ನು ದಾಟಿಸಿದವನ ಕಣ್ಣು ಮಾತ್ರ ಕೊಕ್ಕೆ ಕಂಡ ಕೂಡಲೇ ಒಂದು ಎಂದುಬಿಟ್ಟಿತ್ತು.

ಮೀಸೆ ಸಾಹೇಬರು ಕೈ ಬೀಸಿದರು. "ಸರಿಯಾಯ್ತಲ್ಲ, ಬಿಡು ಅಂತ ಹೇಳು."

"ನಾನು ಹೇಳೋ ಹಾಗಿಲ್ಲ ಸಾಹೇಬ್ರೆ. ಅವರ ಎಣಿಕೆ ಅವರೇ ಹೇಳ್ಬೇಕು." ಅವಳು ಫೋನಿನತ್ತ ತಿರುಗಿದಳು. "ಅಣ್ಣ, ಎಷ್ಟು?"

ಮರುತಿಂಗಳು ನಿವೃತ್ತನಾಗಲಿದ್ದವನು ಅವನು. ಒಂದೇ ಒಂದು ತಪ್ಪಿಲ್ಲದ ಎಣಿಕೆ ಪುಸ್ತಕ ಬಿಟ್ಟು ಹೋಗುತ್ತೇನೆ ಎಂದು ವಾರಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದವನು.

"ಮೂವತ್ತೊಂದು," ಅಂದ. ಆಮೇಲೆ ಸಣ್ಣಗೆ, "ಬರ್ಕೋ."

ರಸ್ತೆಯಲ್ಲಿ ಸವಾರನೊಬ್ಬ ಹತ್ತುತ್ತಿದ್ದಾನೆ, ತಿರುವಿಗೊಂದು ಹಾರ್ನ್ ಹೊಡೆಯಲಿ ಎಂದು ಗೇಟಕ್ಕ ಎಚ್ಚರಿಸಿದಳು. ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಆಂಬುಲೆನ್ಸ್ ಇಳಿಯತೊಡಗಿತು. ಮೋಟಾರ್‌ಸೈಕಲ್ಲಿನವನು ಹಾರ್ನ್ ಕೇಳಿ, ಅದು ದಾಟುವವರೆಗೆ ಮೇಲಿನಿಂದ ಆರನೆಯ ತಿರುವಿನಲ್ಲಿ ಬಂಡೆಗೆ ಅಂಟಿಕೊಂಡು ನಿಂತಿದ್ದನಂತೆ. ದಾರಿಯಲ್ಲಿ ಬೇರೇನೂ ಇರಲಿಲ್ಲ. ಗೇಟಕ್ಕ ಕಂಬ ಎತ್ತಿ ಹಿಡಿದು ಹೊರಗೇ ನಿಂತಿದ್ದಳು. ಐದೂವರೆಯ ಮಬ್ಬಿನಲ್ಲಿ ಗಾಡಿ ಬಂದಾಗ ಚಾಲಕ ವೇಗ ಇಳಿಸದೆ ಕಿಟಕಿಯಿಂದ ಕೂಗಿ ಹೋದ.

"ಬದುಕಿದಾನೆ ಅಕ್ಕ. ಒಂದೊಂದು ತಿರುವಿಗೂ ನನ್ನ ವಂಶವನ್ನೇ ಬೈತಿದಾನೆ."

ಕಂಬ ಇಳಿಸಿ ಒಳಗೆ ಬಂದು ಅವಳು ಮೇಲಕ್ಕೆ ಫೋನ್ ಮಾಡಿದಳು. "ದಾಟಿತು ಅಣ್ಣ." ಅವನು ಹೂಂ ಅಂದ.

ಕೆಳಗಿನ ಗೇಟಿನ ಎಣಿಕೆ ಪುಸ್ತಕದಲ್ಲಿ ತಡಕ್ಕೆ ಕಾರಣ ಎಂಬ ಖಾನೆ ಇನ್ನೂ ಖಾಲಿಯಿತ್ತು. ಗೇಟಕ್ಕ ಪೆನ್ನು ಹಿಡಿದಳು. ಮಂಜು ಎಂದು ಬರೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವಳು ಬರೆದದ್ದು ಇಷ್ಟು: ಕ್ರೇನ್ ಎಳೆದು ತಂದ ಲಾರಿಯನ್ನು ಮೇಲೆ ಕ್ರೇನಿನ ಜೊತೆ ಒಂದಾಗಿ ಎಣಿಸಲಾಗಿತ್ತು, ಮೇಲಿನ ಗೇಟಿನವರೇ ಸರಿಪಡಿಸಿದರು. ಕೊನೆಯ ಮೂರು ಪದದ ಕೆಳಗೆ ಗೆರೆ ಎಳೆದು, ಸಹಿ ಹಾಕಿ, ದೀಪ ಆರಿಸಿ ಮನೆಗೆ ಹೊರಟಳು.