ಶರಣಕ್ಕನ ಗೀರು ಬಾಗಿಲು

ನಮ್ಮ ಶರಣಕ್ಕನ ಬೆರಳುಗಳು ಒಂದು ಕಡೆ ನಿಂತವಲ್ಲ. ಏನೋ ಮಾತಾಡುತ್ತಲೇ ನನ್ನ ಸೆರಗು ಹೊಸಕಿ, "ಇದು ಪೂರಾ ರೇಷ್ಮಿ ಅಲ್ಲ ತಂಗಿ" ಎಂದುಬಿಡುವರು. ರಾಯದುರ್ಗದ ಮನೆಯಲ್ಲಿ ಕೂತು ವರ್ಷಗಟ್ಟಲೆ ಕೂಲಿಗೆ ಜೀನ್ಸ್ ಪ್ಯಾಂಟುಗಳ ಹೆಚ್ಚಿನ ದಾರ ಕತ್ತರಿಸಿದ ಬೆರಳುಗಳು ಅವು. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬಳ್ಳಾರಿಯ ಕಾನ್ವೆಂಟಿನಿಂದ ಬಂದು ಒಲೆ ಹಚ್ಚಲೂ ಬಾರದಿದ್ದ ನನಗೆ ಅಡುಗೆ ಕಲಿಸಿದವರು.

ಅವರ ಕಣ್ಣು ಮಂಜಾಗುತ್ತಾ ಬಂತು. ಇನ್ನು ಇಂಪ್ರೂವ್ ಆಗದು ಎಂದರು ಡಾಕ್ಟರು. ಒಂದು ಯುಗಾದಿಗೆ ಶಿರಾಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದಮೇಲೆ, ಅವ್ವ ಇನ್ನು ಒಲೆಯ ಹತ್ತಿರ ಹೋಗುವುದು ಬೇಡ ಎಂದ ಅವರ ಮಗ. ಅಡುಗೆಮನೆಗೆ ಹೊಸ ಕಪಾಟು ಮಾಡಿಸುವ ಮಾತು ಆಗ ನಡೆದಿತ್ತು. "ಪ್ಲೈವುಡ್ ಆರ್ಸಾಕ ನಾನೂ ಬರ್ತೀನಿ" ಎಂದು ಅಕ್ಕ ಚಪ್ಪಲಿ ಮೆಟ್ಟಿದರು.

ಅಂಗಡಿಯಲ್ಲಿ ಹಲಗೆಗಳ ಅಂಚನ್ನು ಉಗುರಿನಿಂದ ಕೆದಕಿ, ಒಂದು ತುಂಡು ಕೇಳಿ ತಂದು, ಅಕ್ಕಿ ತೊಳೆದ ನೀರಿನಲ್ಲಿ ಮುಳುಗಿಸಿಟ್ಟರು. ಮರುದಿನ ಪದರ ಬಿಟ್ಟಿರಲಿಲ್ಲ. ಪ್ಲೈವುಡ್ ಪಾಸ್. ಮತ್ತೆ ಅಂಗಡಿಗೆ ಹೋದಾಗ ಜಗಳವಾದದ್ದು ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆಗೆ. ನನಗೆ ಪೂರ್ತಿ ಗ್ಲಾಸಿ ವೈಟ್ ಬೇಕಿತ್ತು, ಸೋ ಎಲಿಗೆಂಟ್. ಅಕ್ಕ ಸ್ಯಾಂಪಲ್ಲುಗಳನ್ನೆಲ್ಲ ಸವರಿ, ಸಕ್ಕರೆಯ ಬಾಗಿಲಿಗೆ ನುಣುಪಿನದು, ಉಪ್ಪಿನದಕ್ಕೆ ಉದ್ದುದ್ದ ಗೀರಿನದು, ಬೇಳೆಗೆ ಮರದಂತೆ ತರಿತರಿಯಾದದ್ದು ಎಂದು ಬೇರೆ ತೆಗೆದಿಟ್ಟರು.

"ಅಮ್ಮಾರ, ಒಂದ್ ಅಡಿಗಿಮನಿಗೆ ಮೂರ್ ನಮೂನಿ ಬಾಗ್ಲಾ? ನೋಡಿದೋರು ನಗ್ತಾರ್ರಿ" ಎಂದ ಅಂಗಡಿಯವನು.

"ನಗ್ಲಿ ಬಿಡಪ್ಪ. ನಕ್ಕೋರು ಚಾ ಕುಡುದು ಹೋಗ್ತಾರ. ಅವ್ರ ಚಾದಾಗ ನಾ ಉಪ್ಪು ಹಾಕಬಾರ್ದು, ಅಷ್ಟ."

ನಾನು ಇಂಗ್ಲಿಷಿನಲ್ಲಿ ಏನೋ ಗೊಣಗಿದೆ. ಅಕ್ಕ ನನ್ನ ಕೈ ಹಿಡಿದು ಆ ಗೀರಿನ ಹಾಳೆಯ ಮೇಲಿಟ್ಟರು. "ಕಣ್ಣು ಮುಚ್ಚಿ ನೋಡು ತಂಗಿ. ಚಂದ ಐತಿ."

ಹೊಸ ಕಪಾಟಿನ ಮುಂದೆ ಅವರು ಮೊದಲು ಮಾಡಿದ್ದು ಶಿರಾ. ಮಗ ಎರಡನೇ ಸಲ ಹಾಕಿಸಿಕೊಂಡ. ಒಲೆ ಬಿಡುವ ಮಾತು ಮತ್ತೆ ಏಳಲಿಲ್ಲ.

ಕೊನೆಗೆ ಹಾಸಿಗೆ ಹಿಡಿದಾಗಲೂ ಆ ಬೆರಳುಗಳು ಹೊದಿಕೆಯ ಹೊಲಿಗೆ ಹುಡುಕುತ್ತಿದ್ದವು. ಈಗ ಅಕ್ಕ ಇಲ್ಲ. ಬಂದವರು ನಮ್ಮ ಕಿಚನ್ ನೋಡಿ, ಇದೇನು ಇಷ್ಟು ಮಿಸ್‌ಮ್ಯಾಚ್ ಎನ್ನುತ್ತಾರೆ. ನಾನು ಚಹಾ ಇಡಲು ಏಳುತ್ತೇನೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ. ಆದರೂ ಕೈ ಮೊದಲು ಗೀರಿನ ಬಾಗಿಲಿಗೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ. ಅದು ಉಪ್ಪಿನದು. ಚಹಾಕ್ಕೆ ಬೇಡ.