ಖಾಲಿ ಬಿಟ್ಟಿದ್ದ ಕುರ್ಚಿ

ಕಾಲುನೋವು ಯಾವಾಗ ಶುರುವಾಯಿತು ಎಂದು ಕೇಳಿದರೆ ಚಿತ್ರದ ಮೇಡಂ ತಾರೀಖು ಹೇಳಲಾರರು. ಮೊದಲು ಹಿಮ್ಮಡಿ, ಆಮೇಲೆ ಮೀನಖಂಡ, ಈಗ ಮಂಡಿ. ನೋವು ಒಂದೊಂದೇ ಮಹಡಿ ಹತ್ತಿ ಮೇಲಕ್ಕೆ ಬರುತ್ತಿದೆ ಎನ್ನುತ್ತಾರೆ ಅಷ್ಟೆ. ಅವರು ಪಾಠ ಮಾಡುವ ಕೋಣೆಯೂ ಶಾಲೆಯ ಕೊನೆಯ ಮಹಡಿಯಲ್ಲಿಯೇ ಇದೆ. ಉದ್ದನೆಯ ಮೇಜುಗಳು, ಮಕ್ಕಳಿಗೆ ಸ್ಟೂಲುಗಳು, ಮೂಲೆಯಲ್ಲಿ ಬ್ರಷ್ ತೊಳೆಯುವ ತೊಟ್ಟಿ. ಮೇಡಂಗೂ ಒಂದು ಕುರ್ಚಿ ಇತ್ತು. ಒಮ್ಮೆ ಸಮಾರಂಭದ ವೇದಿಕೆಗೆ ಕಡಿಮೆ ಬಿತ್ತೆಂದು ಕೆಳಗಿಳಿದದ್ದು ಮತ್ತೆ ಹತ್ತಿ ಬರಲಿಲ್ಲ. ವಿಚಾರಿಸಿದಾಗ ಹೆಡ್‌ಮಾಸ್ತರು, "ಚಿತ್ರದ ಕ್ಲಾಸಲ್ಲಿ ಕೂತುಬಿಟ್ರೆ ಮಕ್ಕಳ ಕೈ ಹೇಗೆ ಕಾಣುತ್ತೆ ಮೇಡಂ?" ಎಂದರು. ಮಾತೇನೋ ಸರಿಯಾಗಿಯೇ ಇತ್ತು. ಇನ್ನೊಮ್ಮೆ ಕೇಳಬೇಕೆಂದರೆ ಅಷ್ಟೂ ಮೆಟ್ಟಿಲು ಇಳಿಯಬೇಕು. ಮೇಡಂ ನಿಂತೇ ಪಾಠ ಮಾಡತೊಡಗಿದರು.

ಶಾಲೆಯ ಬಾಗಿಲು ದಾಟಿದೊಡನೆ ಗಾಜಿನ ಕಪಾಟಿನಲ್ಲಿ ಸಾಲಾಗಿ ಕಾಣುವ ಶೀಲ್ಡುಗಳಲ್ಲಿ ಹೆಚ್ಚಿನವು ಅವರ ಕಾಲದವು. ನಗರದ ದೊಡ್ಡ ಸಭಾಭವನದಲ್ಲಿ ಪ್ರತಿ ವರ್ಷ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯುತ್ತದೆ. ವಿಷಯ ಬದಲಾಗುವುದಿಲ್ಲ: ನನ್ನ ದೇಶ ಹೇಗೆ ಒಳ್ಳೆಯದಾಗಬೇಕು, ಅದನ್ನು ನೋಡಿ ಲೋಕ ಏನು ಕಲಿಯಬೇಕು. ಮೇಡಂ ಕೆಲಸಕ್ಕೆ ಸೇರಿದ ಮೊದಲ ವರ್ಷ ಮಕ್ಕಳು ತಮಗೆ ತೋಚಿದ್ದನ್ನು ಬಿಡಿಸಿದ್ದರು. ಒಬ್ಬ ಗುಂಡಿಯಿಲ್ಲದ ರಸ್ತೆ ಬಿಡಿಸಿದ. ಇನ್ನೊಬ್ಬಳು ಅಪ್ಪನನ್ನು ಹಗಲಿನಲ್ಲಿ ಮನೆಯಲ್ಲಿ ಕೂರಿಸಿದಳು. ಅಷ್ಟೂ ಚಿತ್ರಗಳು ಹಿಂದಕ್ಕೆ ಬಂದವು. ಹಿಂಬದಿಯಲ್ಲಿ ‘ಅಪೂರ್ಣ’ ಎಂಬ ಮುದ್ರೆ.

ಮೇಡಂ ಸೋತು ಕೂರುವ ಜಾತಿಯವರಲ್ಲ, ಆಗಿನ್ನೂ ಚಿಕ್ಕ ವಯಸ್ಸು. ಪ್ರದರ್ಶನಕ್ಕೆ ಹೋಗಿ ಆಯ್ಕೆಯಾದ ಚಿತ್ರಗಳ ಮುಂದೆ ನಿಂತು ಒಂದೊಂದನ್ನೂ ಹೋಲಿಸಿ ನೋಡಿದರು. ಎಲ್ಲದರಲ್ಲೂ ಒಂದು ಭೂಗೋಳ. ಅದರ ಸುತ್ತ ಕೈ ಕೈ ಹಿಡಿದ ಮಕ್ಕಳು. ಮೇಲೆ ಪಾರಿವಾಳ. ಹೊರಗೆರೆಗೆ ಕಪ್ಪು ಶಾಯಿ. ಎಲ್ಲಕ್ಕಿಂತ ಮುಖ್ಯವಾಗಿ, ಹಾಳೆಯಲ್ಲಿ ಎಲ್ಲೂ ಖಾಲಿ ಜಾಗವಿಲ್ಲ. ಅಲ್ಲಿಂದಾಚೆಗೆ ಮಕ್ಕಳ ಚಿತ್ರಗಳನ್ನು ಮನೆಗೆ ಒಯ್ದು ‘ಫಿನಿಶಿಂಗ್’ ಕೊಡುವುದು ರೂಢಿಯಾಯಿತು. ಮುಂದಿನ ವರ್ಷವೇ ಶೀಲ್ಡ್ ಬಂತು. ಬರಬರುತ್ತಾ ಮಕ್ಕಳಿಗೂ ಹೇಳಿಕೊಡುವ ಅಗತ್ಯ ಉಳಿಯಲಿಲ್ಲ. ವಿಷಯ ಬೋರ್ಡಿನ ಮೇಲೆ ಬೀಳುವುದೇ ತಡ, ಊಟದ ಡಬ್ಬಿಯ ಮುಚ್ಚಳ ಇಟ್ಟು ಭೂಗೋಳ ಎಳೆಯುತ್ತಿದ್ದರು. ಗಣಿತದ ಮೇಷ್ಟ್ರು ಮೆಟ್ಟಿಲ ಹತ್ತಿರ ಸಿಕ್ಕಾಗಲೆಲ್ಲ, "ಏನ್ ಮೇಡಂ, ಈ ಸಲ ಪಾರಿವಾಳ ಚೆನ್ನಾಗಿ ಮರಿ ಮಾಡಿದ್ವಾ?" ಎಂದು ಕಾಲೆಳೆಯುತ್ತಿದ್ದರು.

ಈ ಕಸುಬು ಗೊತ್ತಿಲ್ಲದವಳು ಒಬ್ಬಳೇ, ಚೂಪಿ. ಈ ವರ್ಷ ಬೇರೆ ಶಾಲೆಯಿಂದ ಬಂದವಳು. ಪೆನ್ಸಿಲನ್ನು ಯಾವಾಗಲೂ ಚೂಪು ಮಾಡುತ್ತಾ ಕೂರುತ್ತಾಳೆಂದು ಮಕ್ಕಳೇ ಇಟ್ಟ ಹೆಸರು. ಅವಳಮ್ಮ ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಬಟ್ಟೆ ತೋರಿಸುವ ಕೆಲಸದವಳು.

ಮೇಡಂ ಅವಳ ಮೇಜಿನ ಹತ್ತಿರ ಬಂದಾಗ ಹಾಳೆಯ ತುಂಬ ಕುರ್ಚಿಗಳು ಕಂಡವು.

"ಏನೇ ಇದು, ಫರ್ನಿಚರ್ ಅಂಗಡಿನಾ?"

"ಅಲ್ಲ ಮಿಸ್, ಬೀದಿ. ನಮ್ಮ ದೇಶದ್ದು."

ಮೇಡಂ ಬಗ್ಗಿ ನೋಡಿದರು. ಬೀದಿಯ ಉದ್ದಕ್ಕೂ ಜನ ಕೂತಿದ್ದರು. ಬ್ಯಾಂಕಿನ ಮುಂದೆ ಕಾವಲುಗಾರ, ನಡುರಸ್ತೆಯಲ್ಲಿ ಛತ್ರಿಯ ಕೆಳಗೆ ಟ್ರಾಫಿಕ್ ಪೊಲೀಸ್, ತಕ್ಕಡಿ ಹಿಡಿದ ತರಕಾರಿಯವಳು, ಆಸ್ಪತ್ರೆಯ ಕಿಟಕಿಯಲ್ಲಿ ನರ್ಸ್. ಎಲ್ಲರಿಗೂ ಒಂದೊಂದು ಕುರ್ಚಿ. ಎಲ್ಲರೂ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಿದ್ದರು.

"ಎಲ್ಲರೂ ಹೀಗೆ ಕೂತುಬಿಟ್ರೆ ದೇಶದ ಕೆಲಸ ಯಾರೇ ಮಾಡೋರು?"

"ಮಾಡ್ತಿದಾರಲ್ಲ ಮಿಸ್! ಇವರು ತೂಗ್ತಿದಾರೆ. ಇವರು ಸೀಟಿ ಊದ್ತಿದಾರೆ. ಸೀಟಿ ಕೂತ್ಕೊಂಡೂ ಊದಬಹುದು."

"ಸರಿ. ಲೋಕ ಇದರಿಂದ ಏನು ಕಲೀತು?"

ಚೂಪಿ ಪೆನ್ಸಿಲಿನ ತುದಿಯನ್ನು ಆಕಾಶಕ್ಕೆ ಇಟ್ಟಳು. ಅಲ್ಲೊಂದು ವಿಮಾನ. ಅದರ ಕಿಟಕಿಗಳಿಗೆಲ್ಲ ಮೂಗು ಒತ್ತಿಕೊಂಡ ಮುಖಗಳು. "ಇವರೆಲ್ಲ ಬೇರೆ ದೇಶದೋರು. ಮೇಲಿಂದ ನೋಡ್ತಿದಾರೆ. ಮನೆಗೆ ಹೋದ್ಮೇಲೆ ಅವರೂ ಹಾಕ್ತಾರೆ, ಕುರ್ಚಿ."

ಮೇಡಂಗೆ ನಗು ಬಂತು. ಬಹಳ ದಿನಗಳಿಂದ ಬಾರದಿದ್ದ ನಗು. ಬಟ್ಟೆ ಅಂಗಡಿಯ ಮುಂದಿದ್ದ ಕೆಂಪು ಕುರ್ಚಿಯೊಂದು ಮಾತ್ರ ಖಾಲಿ ಇತ್ತು. ಅದು ಯಾರದು ಎಂದು ಕೇಳಬೇಕೆನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಬಣ್ಣದ ನೀರು ಚೆಲ್ಲಿದರು. ಒರೆಸುವುದು, ಗದರುವುದು, ಗಂಟೆ ಹೊಡೆಯುವುದು ಎಲ್ಲ ಒಟ್ಟಿಗೇ ಆಯಿತು. ಕೇಳುವುದು ಉಳಿದುಹೋಯಿತು.

ಸಂಜೆ ಊಟದ ಮೇಜಿನ ಕೆಳಗೆ ಬಿಸಿನೀರಿನ ಬಕೆಟ್, ಅದರೊಳಗೆ ಮೇಡಂ ಪಾದಗಳು. ಮೇಜಿನ ಮೇಲೆ ಚಿತ್ರಗಳ ಕಟ್ಟು. ಯಜಮಾನರು ಗಡಿಯಾರ ರಿಪೇರಿಯವರು. ಬೆಳಗಿನಿಂದ ಸಣ್ಣದೊಂದು ಅಂಗಡಿಯಲ್ಲಿ ಬಗ್ಗಿ ಕೂತು ಬೆನ್ನು ಬಿಲ್ಲಾಗಿದೆ. ಅವರು ಚೂಪಿಯ ಚಿತ್ರ ಎತ್ತಿ ಹಿಡಿದು, "ಈ ದೇಶಕ್ಕೆ ವೀಸಾ ಎಲ್ಲಿ ಕೊಡ್ತಾರೆ?" ಎಂದರು.

"ನಿಮಗ್ಯಾಕ್ರೀ? ನೀವು ಹುಟ್ಟಿದಾಗಿಂದ ಕೂತೇ ಇದೀರಿ."

"ಅದೂ ಹೌದು. ನಾನು ಕೂತು ಕೂತು ಕೆಟ್ಟೆ, ನೀನು ನಿಂತು ನಿಂತು ಕೆಟ್ಟೆ. ಇಬ್ಬರನ್ನೂ ಕಲಸಿದ್ರೆ ಒಂದು ನೆಟ್ಟಗಿನ ಜೀವ ಸಿಗ್ತಿತ್ತು ನೋಡೇ."

ಮೇಡಂ ಶಾಯಿಯ ಪೆನ್ನು ಎತ್ತಿಕೊಂಡರು. ಹೊರಗೆರೆ, ಭೂಗೋಳಕ್ಕೆ ನೀಲಿ, ಪಾರಿವಾಳಕ್ಕೆ ಕಣ್ಣು. ಒಂದು ಹಾಳೆ ಆಯಿತು, ಇನ್ನೊಂದು. ಬಕೆಟ್ಟಿನ ನೀರು ತಣ್ಣಗಾಯಿತು. ಎದ್ದು ಬದಲಿಸುವಷ್ಟು ತ್ರಾಣವಿಲ್ಲದೆ ಹಾಗೇ ಮುಂದುವರಿಸಿದರು. ಕಣ್ಣು ಎಳೆಯುತ್ತಿತ್ತು, ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಖಾಲಿ ಜಾಗ ಕಂಡಲ್ಲಿ ತುಂಬುವುದು ಆ ಕೈಗೆ ಉಸಿರಾಡಿದಷ್ಟು ಸಲೀಸು. ಬೀದಿಯ ಚಿತ್ರ ಬಂದಾಗಲೂ ಅದು ನಿಲ್ಲಲಿಲ್ಲ. ವಿಮಾನದ ಸುತ್ತ ಪಾರಿವಾಳಗಳು ಹಾರಿದವು. ಕೆಂಪು ಕುರ್ಚಿಯ ಮೇಲೆ ಶಾಲೆಯ ಬಟ್ಟೆ ತೊಟ್ಟ ಹುಡುಗನೊಬ್ಬ ಭೂಗೋಳವನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಾ ಕೂತ.

ಮಾರನೆಯ ದಿನ ಮಕ್ಕಳು ಚಿತ್ರದ ಹಿಂದೆ ತಮ್ಮ ಕೈಯಾರೆ ಹೆಸರು ಬರೆಯಬೇಕಿತ್ತು. ಹೆಸರಿಲ್ಲದ ಚಿತ್ರವನ್ನು ಪ್ರದರ್ಶನದವರು ಮುಟ್ಟುವುದಿಲ್ಲ. ಉಳಿದವರೆಲ್ಲ ತಮ್ಮ ಚಿತ್ರ ಎಷ್ಟು ಚೆಂದವಾಗಿದೆ ಎಂದು ಹಿಗ್ಗುತ್ತಾ ಬರೆದರು. ಚೂಪಿ ಚಿತ್ರವನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದಳು.

"ಬರಿ ಪುಟ್ಟ, ಹೊತ್ತಾಗುತ್ತೆ."

"ಮಿಸ್, ಇವನು ಯಾರು?"

"ಅವನಾ... ಒಬ್ಬ ಹುಡುಗ ಕಣೇ. ನಿಮ್ಮ ಹಾಗೇನೆ."

"ಇವನು ಏಳ್ತಾನಾ?"

"ಏಳೋದ್ಯಾಕೆ?"

"ಅದು ಅಮ್ಮನ ಕುರ್ಚಿ. ಅಮ್ಮ ಇನ್ನೂ ಬಂದಿಲ್ಲ. ಒಳಗೆ ಗಿರಾಕಿ ಇದಾರೆ, ಅದಕ್ಕೇ ಖಾಲಿ ಬಿಟ್ಟಿದ್ದೆ." ಮತ್ತೆ ಸೇರಿಸಿದಳು: "ಅಮ್ಮ ಬಂದಾಗ ಇವನು ಕೂತಿದ್ರೆ ಏಳು ಅನ್ನಲ್ಲ ಮಿಸ್. ಅವಳು ಹಾಗೆಲ್ಲ ಯಾರಿಗೂ ಅನ್ನೋದೇ ಇಲ್ಲ. ಪಕ್ಕದಲ್ಲಿ ನಿಂತ್ಕೋತಾಳೆ ಅಷ್ಟೆ."

ಮೇಡಂ ಕೆಂಪು ಕುರ್ಚಿಯನ್ನು ಮತ್ತೊಮ್ಮೆ ನೋಡಿದರು. ಆ ಅಂಗಡಿಗೆ ಅವರೂ ಹೋಗಿದ್ದುಂಟು. ಗಿರಾಕಿ ಇರಲಿ ಬಿಡಲಿ, ಕೆಲಸದವರು ಕೂರುವಂತಿಲ್ಲ, ಗೋಡೆಗೆ ಒರಗುವಂತೆಯೂ ಇಲ್ಲ. ಗಲ್ಲಾಪೆಟ್ಟಿಗೆಯವನೊಬ್ಬನಿಗೇ ಆಸನ.

"ಇನ್ನೊಂದು ಹಾಳೆ ಕೊಡ್ತೀನಿ, ಮತ್ತೆ ಬಿಡಿಸ್ತೀಯಾ?"

"ಬೇಡ ಮಿಸ್."

"ಯಾಕೇ?"

"ಅದನ್ನೂ ನೀವು ಸರಿ ಮಾಡ್ತೀರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಹೋದ ಬಸ್ಸಿನ ಬಗ್ಗೆ ಹೇಳುವ ಹಾಗೆ ಹೇಳಿ, ಪೆನ್ಸಿಲನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಪೆನ್ಸಿಲ್ ಮೊಂಡಾಗಿದ್ದರೂ ಚೂಪು ಮಾಡಲಿಲ್ಲ. ಅದನ್ನು ನೋಡಿಯೇ ಮೇಡಂಗೆ ಹೆಚ್ಚು ಸಂಕಟವಾದದ್ದು. ಹೆಸರು ಬರೆಯದಿದ್ದರೆ ಒಂದು ಚಿತ್ರ ಹೋಗುವುದಿಲ್ಲ, ಅಷ್ಟೆ. ಆದರೆ ಈ ಹುಡುಗಿ ಇನ್ನು ಬಿಡಿಸುವುದೇ ಇಲ್ಲವೇನೋ ಅನ್ನಿಸಿತು.

ಮೆಟ್ಟಿಲಿಳಿದು ಹೆಡ್‌ಮಾಸ್ತರರಿಗೆ ವಿಷಯ ಹೇಳಿ, ಕುರ್ಚಿಯ ಮೇಲಿನ ಹುಡುಗನನ್ನು ತೆಗೆಯಬೇಕೆಂದರು. ಅವರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೆಂಪು ಕುರ್ಚಿಯ ಮೇಲೆ ಬೆರಳಿಟ್ಟರು. "ಇದರಲ್ಲಿ ನೋಡೋ ಹಾಗಿರೋದು ಇವನೊಬ್ಬನೇ ಮೇಡಂ. ಇವನನ್ನೇ ತೆಗೀತೀರಾ? ಒಂದು ಕಡಿಮೆ ಆದ್ರೆ ಆಯ್ತು ಬಿಡಿ, ಯಾಕೆ ತಲೆ ಕೆಡಿಸ್ಕೋತೀರಿ. ನಾಳೆ ಬೆಳಿಗ್ಗೆ ವ್ಯಾನ್ ಬರುತ್ತೆ."

ಬಿಡಬಹುದಿತ್ತು. ಮೇಡಂ ಕಟ್ಟಿನ ಉಳಿದ ಹಾಳೆಗಳನ್ನು ತಿರುವಿದರು. ಪಾರಿವಾಳಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಕಣ್ಣಿನಿಂದ ಅವರನ್ನೇ ನೋಡಿದವು. ಹಿಂದೆ ಹೆಸರಿಲ್ಲದಿದ್ದರೆ ಯಾವುದು ಯಾರದು ಎಂದು ಅವರಿಗೇ ಹೇಳಲು ಬರುತ್ತಿರಲಿಲ್ಲ. ಅವನ್ನು ಈಗ ಏನೂ ಮಾಡುವಂತಿರಲಿಲ್ಲ. ಬೀದಿಯ ಚಿತ್ರವೊಂದನ್ನೇ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

"ರೀ, ಇವನನ್ನ ಎಬ್ಬಿಸಬೇಕು."

ಯಜಮಾನರು ಇಡೀ ಕತೆ ಕೇಳಿ ಹುಬ್ಬೇರಿಸಿದರು. "ಇಷ್ಟು ವರ್ಷ ಹಾಕಿದ್ದೇ ಹಾಕಿದ್ದು. ತೆಗೀಬೇಕು ಅಂತಿರೋದು ಇದೇ ಮೊದಲು." ಆದರೂ ಅಂಗಡಿಯ ಚೀಲದಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಸೂಜಿಯಂಥ ಸಣ್ಣ ಚಾಕು ತೆಗೆದರು. ಮೇಡಂ ದೀಪವನ್ನು ಹತ್ತಿರ ಹಿಡಿದರು. ಬಣ್ಣವನ್ನು ಒದ್ದೆ ಹತ್ತಿಯಿಂದ ಒತ್ತಿ ಎಬ್ಬಿಸಬಹುದು, ಉಜ್ಜಬಾರದು, ಉಜ್ಜಿದರೆ ಕಾಗದ ಕುಡಿಯುತ್ತದೆ. ನೀಲಿ ಹೋಯಿತು. ಹಾಳೆ ಪೂರ್ತಿ ಒಣಗುವವರೆಗೆ ಇಬ್ಬರೂ ಕೈಕಟ್ಟಿ ಕಾದರು. ಶಾಯಿ ನೀರಿಗೆ ಹೆದರುವುದಿಲ್ಲ, ಅದನ್ನು ಕೆರೆದೇ ತೆಗೆಯಬೇಕು. ಯಜಮಾನರು ಗಡಿಯಾರದ ಮುಳ್ಳು ಬಿಡಿಸುವ ನಿಧಾನದಲ್ಲಿ ಗೆರೆಯ ಉದ್ದಕ್ಕೂ ಕೆರೆದರು, ಊದಿದರು, ಮತ್ತೆ ಕೆರೆದರು. ಮೊದಲು ತಲೆ ಹೋಯಿತು, ಆಮೇಲೆ ಮೈ. ಸ್ವಲ್ಪ ಹೊತ್ತು ಕುರ್ಚಿಯ ಮುಂದೆ ಎರಡು ಬೂಟು ಮಾತ್ರ ತೂಗಾಡುತ್ತಿದ್ದವು.

"ಬೂಟು ಬಿಡ್ಲೇನೇ? ಚೆನ್ನಾಗಿದೆ."

"ಬೇಡ್ರೀ. ಅವೂ ಹೋಗ್ಲಿ."

ಕೆರೆದ ಜಾಗದಲ್ಲಿ ಎದ್ದ ಕಾಗದದ ನವಿರನ್ನು ಚಮಚದ ಬೆನ್ನಿನಿಂದ ತೀಡಿ ಕೂರಿಸಿದರು. ಕುರ್ಚಿ ಖಾಲಿಯಾಗಿತ್ತು. ಆದರೆ ಕೂರುವ ಜಾಗದಲ್ಲಿ ಬೂದು ಕಲೆ ಉಳಿದಿತ್ತು, ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಮೇಡಂ ಕೈ ತಾನಾಗಿಯೇ ಕೆಂಪು ಬಣ್ಣದ ಬಾಟಲಿಗೆ ಹೋಯಿತು. ಮುಚ್ಚಳ ತಿರುಗಿಸಿದರು, ತಡೆದರು, ಮತ್ತೆ ಬಿಗಿ ಮಾಡಿದರು.

"ಪಾರಿವಾಳ?" ಯಜಮಾನರು ಬೆನ್ನು ಹಿಡಿದುಕೊಂಡು ಕೇಳಿದರು.

"ಅವಳನ್ನೇ ಕೇಳ್ತೀನಿ."

ಬೆಳಿಗ್ಗೆ ಚೂಪಿ ಚಿತ್ರದ ಮೇಲೆ ಬೆರಳಾಡಿಸಿದಳು. "ಕೊಳೆಯಾಗಿದೆ ಮಿಸ್."

"ಹೂಂ. ನನ್ನ ಕೈಲಿ ಅಷ್ಟೇ ಆಗಿದ್ದು. ಬೇಕಿದ್ರೆ ನೀನೇ ಬಣ್ಣ ಹಾಕು."

ಅವಳು ತಲೆ ವಾಲಿಸಿ ಯೋಚಿಸಿದಳು. "ಬೇಡ. ಅಮ್ಮ ಹೇಗೂ ಒಂದ್ಸಲ ಕೈಯಲ್ಲಿ ಒರೆಸಿಯೇ ಕೂರೋದು."

"ಪಾರಿವಾಳ ತೆಗೀಲಾ?"

"ಇರ್ಲಿ ಬಿಡಿ ಮಿಸ್. ಅವಕ್ಕೆ ಕುರ್ಚಿ ಬೇಡ."

ಪೆನ್ಸಿಲ್ ಪೆಟ್ಟಿಗೆ ತೆರೆದಳು. ಚೂಪು ಮಾಡಿದಳು, ಸಾಲದೆಂದು ಇನ್ನೊಮ್ಮೆ ಮಾಡಿದಳು. ಹೆಸರು ತಲೆಕೆಳಗಾಗದಿರಲೆಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ತಿರುಗಿಸಬೇಕು ಎಂಬುದು ಮೇಡಂ ಕಲಿಸಿದ ಪಾಠವೇ. ಅವಳು ಕಿಟಕಿಗೆ ಹಿಡಿದಳು. ಬೀದಿ, ವಿಮಾನ, ಜನ ಎಲ್ಲ ಮಂಕಾಗಿ ಕಂಡವು. ಕೆರೆದು ತೆಳ್ಳಗಾದ ಜಾಗದಲ್ಲಿ ಮಾತ್ರ ಬಿಸಿಲು ನೇರವಾಗಿ ತೂರಿ ಬಂದು ಆ ಒಂದು ಕುರ್ಚಿ ಬೆಳಗಿತು. ಚೂಪಿ ಬಾಯಿ ತೆರೆದು ನೋಡಿದಳು. ಪ್ರದರ್ಶನದಲ್ಲಿ ಹಾಳೆಯನ್ನು ದಪ್ಪ ರಟ್ಟಿಗೆ ಅಂಟಿಸುತ್ತಾರೆ, ಅಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಅದು ಮೇಡಂಗೆ ಗೊತ್ತಿತ್ತು. ಹೇಳಲಿಲ್ಲ. ಅವಳು ಹೆಸರು ಬರೆದು, ಕೆಳಗೊಂದು ಗೆರೆ ಎಳೆದು ಕೊಟ್ಟಳು.

ಕಟ್ಟನ್ನು ಎದೆಗೊತ್ತಿಕೊಂಡು ಮೇಡಂ ಕೆಳಗಿಳಿದರು. ವ್ಯಾನ್ ನಿಂತಿತ್ತು. ಹೆಡ್‌ಮಾಸ್ತರು ಮೇಲಿನ ಹಾಳೆ ನೋಡಿ ಮೂಗು ಮುರಿದರು. "ಕಳಿಸ್ತಾನೇ ಇದೀರಲ್ಲ! ಖಾಲಿ ಕುರ್ಚಿ, ಮೇಲೊಂದು ಕಲೆ. ಮತ್ತೆ ಅಪೂರ್ಣ ಅಂತಾರೆ ನೋಡಿ."

"ಅಪೂರ್ಣನೇ ಸಾರ್. ಇನ್ನೂ ಒಬ್ಬರು ಬರೋದಿದೆ."

ಅವರಿಗೆ ಅರ್ಥವಾಗಲಿಲ್ಲ. ವ್ಯಾನ್ ಹೊರಟಿತು. ಮೇಲೆ ಸಣ್ಣ ತರಗತಿಯ ಮಕ್ಕಳು ಮಾವಿನಹಣ್ಣು ಬಿಡಿಸಲು ಕಾದಿದ್ದರು. ಮೆಟ್ಟಿಲ ಅರ್ಧಕ್ಕೆ ಬಂದಾಗ ಮಂಡಿ ಇನ್ನು ಆಗದು ಎಂದಿತು. ಮೇಡಂ ಆಚೀಚೆ ನೋಡಿ, ಮೆಟ್ಟಿಲನ್ನು ಕೈಯಲ್ಲಿ ಒಮ್ಮೆ ಒರೆಸಿ ಕೂತರು. ಮೇಲಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಕೇಳಲಿ ಎಂದು ಬಿಟ್ಟು, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು.