ಮಾಗ್ಡೆಬುರ್ಗ್‌ನಿಂದ ಬಿತೋಮ್‌ಗೆ ಏಳು ಗಂಟೆ ನಾಲ್ಕು ನಿಮಿಷ

ಜರ್ಮನಿಯ ಮಾಗ್ಡೆಬುರ್ಗ್‌ನಿಂದ ಪೋಲೆಂಡಿನ ಬಿತೋಮ್‌ಗೆ ಐನೂರ ನಲವತ್ತೈದು ಕಿಲೋಮೀಟರು. ಇದು ಪಾರಿವಾಳದ ಲೆಕ್ಕ, ರೈಲಿನದಲ್ಲ. ಎಲ್ಫ್ರಿದಾ ಕೊಚಿಬಾಳ ಹೆಣ್ಣು ಪಾರಿವಾಳ ಆ ಭಾನುವಾರ ಅಷ್ಟು ದೂರವನ್ನು ಎದುರುಗಾಳಿಯಲ್ಲಿ ಏಳು ಗಂಟೆ ನಾಲ್ಕು ನಿಮಿಷಕ್ಕೆ ಹಾರಿ ಬಂತು. ಗಂಡಸರ ಹಕ್ಕಿಗಳಲ್ಲಿ ಮೊದಲನೆಯದು ಬಂದದ್ದು ಅದಾಗಿ ಅರ್ಧ ಗಂಟೆಯ ಮೇಲೆ. ಗೆದ್ದದ್ದೇ ತಪ್ಪಾಯಿತು ನೋಡಿ.

ಎಲ್ಫ್ರಿದಾ ಕಲ್ಲಿದ್ದಲ ಗಣಿಯ ಸ್ನಾನದ ಮನೆಯಲ್ಲಿ ಕೆಲಸಕ್ಕಿದ್ದಳು. ಗಂಡ ತಿಯೋಫಿಲ್ ತೀರಿಕೊಂಡು ನಾಲ್ಕು ವರ್ಷ. ಹಕ್ಕಿಗಳನ್ನು ಮಾರಿಬಿಡು, ಹೆಂಗಸರಿಗೆ ಕಾಳು ಹಾಕುವುದು ಗೊತ್ತೇ ಹೊರತು ಹಾರಿಸುವುದಲ್ಲ ಎಂದು ಪಾರಿವಾಳದ ಸಂಘದವರೆಲ್ಲ ಬುದ್ಧಿ ಹೇಳಿದ್ದರು. ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಅವರೆಲ್ಲ ಗಂಡು ಹಕ್ಕಿಗಳನ್ನೇ ಹಾರಿಸುತ್ತಿದ್ದರೆ, ಇವಳು ಕಾವಿಗೆ ಕೂತ ಹೆಣ್ಣನ್ನು ಆರಿಸಿದಳು. ಪಂದ್ಯಕ್ಕೆ ಕಳಿಸುವ ಹಿಂದಿನ ದಿನ ಟೊಳ್ಳು ಮಾಡಿದ ಮೊಟ್ಟೆಯೊಳಗೆ ಜೀವಂತ ನೊಣವೊಂದನ್ನು ಬಿಟ್ಟು, ತೂತಿಗೆ ಮೇಣ ಮೆತ್ತಿ, ಅದರ ಹೊಟ್ಟೆಯಡಿ ಇಟ್ಟಳು. ಒಳಗೆ ಏನೋ ಮಿಸುಕಾಡಿದರೆ ಮರಿ ಹೊರಬರುವ ಹೊತ್ತಾಯಿತೆಂದು ತಾಯಿಗೆ ಅನ್ನಿಸುತ್ತದೆ. ಆಮೇಲೆ ಎಷ್ಟು ದೂರ ಒಯ್ದು ಬಿಟ್ಟರೂ ನೀರಿಗೆ ಸಹ ಇಳಿಯದೆ ಹಾರಿ ಬರುತ್ತದೆ. ನಿಯಮದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಆ ಮೀಸೆಗಳಿಗೆ ಹೊಳೆದಿರಲಿಲ್ಲ, ಅಷ್ಟೇ.

ಸಂಘದ ಮುಖ್ಯಸ್ಥ ರೂಫಿನ್ ಸ್ಕೊರುಪಾ ತಿಯೋಫಿಲ್‌ನ ಹಳೆಯ ಗೆಳೆಯ. ಮರುದಿನ ಕಾಗದ ಹಿಡಿದು ಬಂದ. ಹಕ್ಕಿ ಬಂದ ಹೊತ್ತನ್ನು ದಾಖಲಿಸುವ ಪಂದ್ಯದ ಗಡಿಯಾರ ತಪ್ಪು ನಡೆದಿದೆ ಎಂದು ಸಹಿ ಹಾಕಿದರೆ ಗೆಲುವು ಹೋದರೂ ಸಂಘದಲ್ಲಿ ಜಾಗ ಉಳಿಯುತ್ತದೆ, ಇಲ್ಲವಾದರೆ ಅದೂ ಇಲ್ಲ ಎಂದ.

"ಗಡಿಯಾರಕ್ಕೆ ಸೀಲ್ ಹಾಕಿದ್ದು ಯಾರು?" ಎಂದಳು ಎಲ್ಫ್ರಿದಾ.

"ನಾನೇ. ಆದ್ರೂ..."

"ಹಂಗಾದ್ರೆ ನೀನೇ ಸಹಿ ಹಾಕು, ನನ್ನ ಕೈಲಿ ತಪ್ಪಾಯ್ತು ಅಂತ."

ರೂಫಿನ್ ಕಾಗದ ಮಡಚಿ ಜೇಬಿಗಿಟ್ಟ. ಮೂರು ವಾರ ಬಿಟ್ಟು ಮಾಗ್ಡೆಬುರ್ಗ್‌ನಿಂದಲೇ ಇನ್ನೊಂದು ಪಂದ್ಯವಿತ್ತು. ನಿನ್ನದೇ ಗಡಿಯಾರ ತಂದು ನನ್ನ ಅಂಗಳದಲ್ಲಿ ಕೂರು, ನನ್ನ ಹಕ್ಕಿ ಸೋತರೆ ನೀನೇ ಈ ಗೂಡಿಗೆ ಕೊಡಲಿ ಹಾಕು ಎಂದಳು. ಆ ಗೂಡು ಬಿಟ್ಟರೆ ಅವಳಿಗೆ ಮನೆಯಲ್ಲಿ ಮಾತಾಡಿಸಲು ಬೇರೆ ಜೀವವಿರಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಆರಕ್ಕೆ ಮಾಗ್ಡೆಬುರ್ಗ್‌ನಲ್ಲಿ ಹಕ್ಕಿಗಳನ್ನು ಬಿಟ್ಟರು. ರೂಫಿನ್ ಅಂಗಳದಲ್ಲಿ ಕುರ್ಚಿ ಹಾಕಿ, ಅವಳು ಕೊಟ್ಟ ಗಸಗಸೆ ಕೇಕನ್ನು ನಾಚಿಕೆಯಿಲ್ಲದೆ ಎರಡೆರಡು ಸಲ ತಿಂದ. ಈ ಸಲ ಎದುರುಗಾಳಿ ಇರಲಿಲ್ಲ, ಆದರೂ ಹನ್ನೆರಡೂವರೆಯಾದರೂ ಆಕಾಶ ಖಾಲಿ. ಹಠಕ್ಕೆ ಬಿದ್ದು ಹಕ್ಕಿಯನ್ನು ಕಳೆದುಕೊಂಡೆನೇ ಎಂದು ಅವಳು ಗೂಡಿಗೂ ಗೇಟಿಗೂ ಅಲೆಯತೊಡಗಿದಳು. ಒಂದಕ್ಕೆ ಐದು ನಿಮಿಷವಿರುವಾಗ ಹಕ್ಕಿ ಗಣಿಯ ಹೊಗೆಗೊಳವೆ ದಾಟಿ ಬಂದು, ಮಾಡಿನ ಮೇಲೂ ಕೂರದೆ ಸೀದಾ ಗೂಡಿಗೆ ನುಗ್ಗಿತು. ಅವಳು ಅದರ ಕಾಲಿಗೆ ಪಂದ್ಯಕ್ಕೆಂದು ತೊಡಿಸಿದ್ದ ರಬ್ಬರ್ ಉಂಗುರ ಕಿತ್ತು ಕೊಟ್ಟಳು. ಅದನ್ನು ಗಡಿಯಾರದೊಳಗೆ ಹಾಕಿ, ಹೊತ್ತು ಅಚ್ಚಾಗುವಂತೆ ಕೀಲಿಯನ್ನು ರೂಫಿನ್ ತಾನೇ ತಿರುಗಿಸಿದ.

ಸಂಜೆ ಸಂಘದಲ್ಲಿ ಎಲ್ಲ ಗಡಿಯಾರ ತೆರೆದಾಗ ಅವಳೇ ಮೊದಲು. ರೂಫಿನ್ ಪಟ್ಟಿಯಲ್ಲಿ 'ತಿಯೋಫಿಲ್ ಕೊಚಿಬಾ' ಎಂದು ಬರೆಯತೊಡಗಿದ. ಎಲ್ಫ್ರಿದಾ ಅವನ ಕೈ ಹಿಡಿದು ನಿಲ್ಲಿಸಿದಳು.

"ಗೂಡು ಇನ್ನೂ ಅವನ ಹೆಸರಲ್ಲೇ ಇದೆ ಕಣೆ," ಎಂದ ರೂಫಿನ್. "ಆ ಗೌರವ ಅವನಿಗೇ ಇರ್ಲಿ ಬಿಡು."

"ಇವತ್ತು ಸೋತಿದ್ರೆ ಯಾರ ಗೂಡಿಗೆ ಕೊಡಲಿ ಹಾಕ್ತಿದ್ದೆ?"

"ನಿಂದಕ್ಕೆ."

"ಹಂಗಾದ್ರೆ ಗೆದ್ದಿದ್ದೂ ನಂದೇ. ಬರಿ."

ರೂಫಿನ್ ತಿಯೋಫಿಲ್‌ನ ಹೆಸರು ಹೊಡೆದುಹಾಕಿ, ಅವಳದನ್ನು ಬರೆದ.